ಆರನೇ ಗುಂಡಿಯ ಹತ್ತು ಸುತ್ತು

ಬೆಳಗ್ಗೆ ಆರೂಕಾಲು. ಬೇಗೂರಿನಿಂದ ಗುಂಡ್ಲುಪೇಟೆ ಕಡೆಗೆ ನಾಲ್ಕು ಕಿಲೋಮೀಟರು ಬಂದರೆ ಹೆದ್ದಾರಿಯ ಎಡಮಗ್ಗುಲಿಗೆ ಒಂದು ಹುಣಸೆ ಮರ. ಅದಕ್ಕೊಂದು ಸೈಕಲ್ಲು ಒರಗಿದೆ. ಕ್ಯಾರಿಯರಿಗೆ ಗುದ್ದಲಿ ಬಿಗಿದಿದೆ, ಹ್ಯಾಂಡಲಿಗೆ ಬುತ್ತಿ ನೇತುಬಿದ್ದಿದೆ. ಮರದಿಂದ ಹತ್ತು ಹೆಜ್ಜೆ ಆಚೆ, ಖಾಕಿ ಅಂಗಿ ತೊಟ್ಟ ಐವತ್ತು ದಾಟಿದ ಒಬ್ಬರು ಕುಕ್ಕರಗಾಲಲ್ಲಿ ಕೂತು, ಮೊಣಕಾಲೆತ್ತರದ ಒಂದು ಸಿಮೆಂಟು ಕಲ್ಲಿಗೆ ಅರಿಶಿನ ಬಳಿಯುತ್ತಿದ್ದಾರೆ. ಅರಿಶಿನವಾದ ಮೇಲೆ ನಡುವೆ ಕುಂಕುಮದ ಬೊಟ್ಟು. ಬುಡಕ್ಕೆ ಒಂದು ಚೆಂಬು ನೀರು. ಎಲ್ಲ ಪೂಜೆಯ ಹಾಗೇ ಇದೆ. ಆದರೆ ಕೈ ಮುಗಿಯುವ ಬದಲು ಅವರು ಎದ್ದು, ಕಲ್ಲಿನ ಸುತ್ತಲ ಮಣ್ಣನ್ನು ಕಾಲಿನಿಂದ ಒತ್ತಿ ನೋಡುತ್ತಾರೆ. ರಾತ್ರಿ ಯಾರಾದರೂ ಅಗೆದಿದ್ದಾರೆಯೆ ಎಂದು.

ಇವರು ಪೂಜಾರಿಯಲ್ಲ. ಹೆಸರು ದೊಡ್ಡಮಾದಯ್ಯ. ದೂರವಾಣಿ ಇಲಾಖೆಯ ಮಜ್ದೂರು. ಆ ಕಲ್ಲೂ ದೇವರಲ್ಲ. ಅದರ ಕೆಳಗೆ, ಆಳುದ್ದದ ಗುಂಡಿಯಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಎಸ್‌ಟಿಡಿ ಮಾತುಗಳೆಲ್ಲ ಹರಿಯುವ ಗಾಜಿನೆಳೆಯ ಕೇಬಲ್ಲು ಮಲಗಿದೆ. ಅದನ್ನು ಹೂತು ಮೂರು ವರ್ಷವಾಯಿತು. ಹೂತ ಜಾಗಕ್ಕೆ ಗುರುತಾಗಲಿ ಎಂದು ಇಲಾಖೆ ಬಿಳಿ ಸುಣ್ಣ ಬಳಿದ ಕಲ್ಲು ನೆಟ್ಟಿತು, ನಂಬರು ಬರೆಸಿತು, ಅಗೆಯಬಾರದು ಎಂದೂ ಬರೆಸಿತು. ವರ್ಷ ತುಂಬುವುದರೊಳಗೆ ಏಳು ಕಲ್ಲಿನಲ್ಲಿ ನಾಲ್ಕು ಮಾಯ. ಒಂದು ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಇನ್ನೊಂದು ಒಬ್ಬರ ಹಿತ್ತಿಲಲ್ಲಿ ಎಮ್ಮೆ ಕಟ್ಟುವ ಕಲ್ಲಾಗಿತ್ತು. ಉಳಿದೆರಡು ಇಂದಿಗೂ ಸಿಕ್ಕಿಲ್ಲ.

“ಮುಟ್ಬ್ಯಾಡಿ ಅಂತ ಬರುದ್ರೆ ಯಾರೂ ಕೇಳಾಕಿಲ್ಲ ಸಾ,” ಎನ್ನುತ್ತಾರೆ ಮಾದಯ್ಯ, ಅರಿಶಿನದ ಕೈಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ. “ಅರಿಸಿನ ಕುಂಕುಮ ಮಡಗುದ್ರೆ ಮುಟ್ಟಾಕೂ ಎದರ್ತಾರೆ. ಆಮೇಕೆ ಒಂದು ಕಲ್ಲೂ ಓಗಿಲ್ಲ.”

ಅರಿಶಿನ ಮನೆಯದೇ. ಹೆಂಡತಿ ಚಿಕ್ಕನಿಂಗಮ್ಮ ಅರಿಶಿನ ಕೀಳುವ ಕೂಲಿಗೆ ಹೋದಾಗ ತಂದ ಚೂರುಗಳನ್ನು ಕುಟ್ಟಿ ಇಡುತ್ತಾರಂತೆ. ಇಲಾಖೆಯ ಯಾವ ಕಾನೂನಿನಲ್ಲೂ ಇಲ್ಲದ ಈ ಉಪಾಯ ಎಷ್ಟು ಕೆಲಸ ಮಾಡಿದೆಯೆಂದರೆ, ನಾನು ನೋಡುತ್ತಿದ್ದ ಹಾಗೇ ಮೈಸೂರಿನ ಮೊದಲ ಬಸ್ಸು ಹೋಯಿತು, ಕಿಟಕಿ ಪಕ್ಕ ಕೂತ ಇಬ್ಬರು ಕಲ್ಲಿಗೆ ಕೈ ಮುಗಿದರು. ಮಾದಯ್ಯ ಮುಖ ಆಚೆ ತಿರುಗಿಸಿ ನಕ್ಕರು.

ಓದುಗರಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಮನುಷ್ಯನ ಬಗ್ಗೆ ನಾನು ಬರೆಯುತ್ತಿರುವುದು ಇದೇ ಮೊದಲನೆಯ ಸಲವಲ್ಲ. ಹೋದ ಜೂನ್ ತಿಂಗಳಲ್ಲಿ ಒಮ್ಮೆ ಬರೆದಿದ್ದೆ, ಹೆಸರು ಗೊತ್ತಿಲ್ಲದೆ. ಆಗ ಬರೆದದ್ದು ಬೈಗುಳ. ನನ್ನ ಮನೆಯವಳು ಹೇಳುವ ಹಾಗೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಪೆನ್ನಿಗೆ ಇಳಿಯಲು ಎರಡು ನಿಮಿಷ ಸಾಕು. ಇದು ಆ ತಪ್ಪಿನ ತೀರುವಳಿ ಎಂದೇ ಓದಿಕೊಳ್ಳಿ.

ದೊಡ್ಡಮಾದಯ್ಯ ಬೇಗೂರಿನವರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸಹಿ ಬರುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಕೂಡಿಸಿ ಓದುವಾಗ ಸ್ವಲ್ಪ ಎಡವುತ್ತಾರೆ. ಅಪ್ಪ ಕಂಡವರ ಹೊಲದಲ್ಲಿ ದುಡಿದು ಸವೆದ ಜೀವ. ಮಾದಯ್ಯ ಎಂಬತ್ತೈದರಲ್ಲಿ ಟೆಲಿಫೋನ್ ಕಂಬ ಹೊರುವ ಕೆಲಸಕ್ಕೆ ಸೇರಿದರು, ದಿನಗೂಲಿಯ ಮೇಲೆ. ಆಗ ತಾಮ್ರದ ತಂತಿಯ ಕಾಲ. ಗಾಳಿ ಬೀಸಿದರೆ ತಂತಿ ಹೆಣೆದುಕೊಳ್ಳುತ್ತಿತ್ತು, ಮಳೆ ಬಂದರೆ ಗೊರಗೊರ ಎನ್ನುತ್ತಿತ್ತು, ಕಳ್ಳರು ಬಂದರೆ ತಂತಿಯೇ ಇರುತ್ತಿರಲಿಲ್ಲ. ಕಂಬ ಹತ್ತಿ ಬಿದ್ದು ಎಡಗೈ ಮೂಳೆ ಮುರಿದದ್ದು ಒಮ್ಮೆ. ಕಡಜ ಮುತ್ತಿ ಮೂರು ದಿನ ಕಣ್ಣು ತೆರೆಯದೆ ಮಲಗಿದ್ದು ಇನ್ನೊಮ್ಮೆ.

ಅಂದಿನಿಂದ ಇಂದಿನವರೆಗೆ ಅವರು ಕಾದದ್ದು ಒಂದೇ ಒಂದು ಕಾಗದಕ್ಕೆ. ಖಾಯಂ ಆದೇಶಕ್ಕೆ. ಜೊತೆಗೆ ಸೇರಿದವರಲ್ಲಿ ಕೆಲವರು ಕೆಲಸ ಬಿಟ್ಟು ಹೋದರು, ಕೆಲವರು ಖಾಯಂ ಆದರು. ಮಾದಯ್ಯನ ಕಡತ ಪ್ರತಿ ವರ್ಷ ಮೇಲೆ ಹೋಗುತ್ತಿತ್ತು, ಏನೋ ಒಂದು ಕೊರತೆ ತೋರಿಸಿಕೊಂಡು ಕೆಳಗೆ ಬರುತ್ತಿತ್ತು. ಈ ವರ್ಷದ ಮೇ ತಿಂಗಳಲ್ಲಿ ಕೊನೆಗೂ ಎಲ್ಲ ಸರಿಯಾಗಿ, ಸಹಿಯೊಂದೇ ಬಾಕಿ ಎಂಬ ಸುದ್ದಿ ಬಂತು. ಜೂನಿನಲ್ಲಿ ಆ ಘಟನೆ ನಡೆಯಿತು.

ಅದಕ್ಕೆ ಮುಂಚೆ ಅವರ ದಿನ ಹೇಗಿರುತ್ತದೆಂದು ಹೇಳಬೇಕು. ಬೆಳಗ್ಗೆ ಐದಕ್ಕೆ ಎದ್ದು, ರಾಗಿ ಅಂಬಲಿ ಕುಡಿದು ಬೇಗೂರಿನಿಂದ ಹೊರಡುತ್ತಾರೆ. ಗುಂಡ್ಲುಪೇಟೆಯವರೆಗೆ ಹದಿನಾರು ಕಿಲೋಮೀಟರು, ಏಳು ಗುಂಡಿ. ಒಂದು ಉರುಳೆ ಕೇಬಲ್ಲು ಎರಡು ಕಿಲೋಮೀಟರಿಗೆ ಮುಗಿಯುತ್ತದೆ. ಅದು ಮುಗಿದಲ್ಲಿ ಇನ್ನೊಂದು ಉರುಳೆಯನ್ನು ಬೆಸೆಯಬೇಕು, ಬೆಸೆದಲ್ಲಿ ಒಂದು ಗುಂಡಿ. ಗುಂಡಿಗಳ ಲೆಕ್ಕ ಗುಂಡ್ಲುಪೇಟೆಯಿಂದ ಶುರು, ಹಾಗಾಗಿ ಈ ಹುಣಸೆ ಮರದ ಬಳಿಯದು ಆರನೆಯದು. ದಾರಿಯುದ್ದಕ್ಕೂ ಯಾರಾದರೂ ಅಗೆಯುತ್ತಿದ್ದರೆ ನಿಂತು ವಿಚಾರಿಸುತ್ತಾರೆ. ಬೋರ್‌ವೆಲ್ಲಿನವರು, ನೀರಿನ ಪೈಪಿನವರು, ಬೇಲಿ ಹಾಕುವವರು, ಎಲ್ಲರಿಗೂ ಮಾದಯ್ಯ ಗೊತ್ತು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ದಿನಕ್ಕೆ ಮೂವತ್ತೆರಡು ಕಿಲೋಮೀಟರು ತುಳಿಯುತ್ತಾರೆ. ಅವರಿಗೆ ಒಂದೂಕಾಲು ಗಂಟೆ ಹಿಡಿಯುವ ಹದಿನಾರು ಕಿಲೋಮೀಟರನ್ನು ಅವರ ಕಾಲ ಕೆಳಗಿನ ಬೆಳಕು, ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಅದರ ಎಂಟು ಪಾಲಿನಲ್ಲಿ ಮುಗಿಸುತ್ತದೆ.

ಈ ಲೆಕ್ಕ ನನಗೆ ಹೇಳಿದವರು ಮಧುಶ್ರೀ. ಗುಂಡ್ಲುಪೇಟೆ ಕಡೆಯ ಕೇಬಲ್ಲುಗಳನ್ನು ನೋಡಿಕೊಳ್ಳುವ ಕಿರಿಯ ಎಂಜಿನಿಯರು, ಇಪ್ಪತ್ತಾರು ವಯಸ್ಸಿನ ಹುಡುಗಿ. ಕೇಬಲ್ಲಿನೊಳಗೆ ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ಹನ್ನೆರಡು ಗಾಜಿನೆಳೆ. ಒಂದು ಜೋಡಿ ಎಳೆಯಲ್ಲಿ ಏಕಕಾಲಕ್ಕೆ ಸಾವಿರದ ಒಂಬೈನೂರು ಮಾತು ಹೋಗುತ್ತವೆ. ಮಾತೆಲ್ಲ ಬೆಳಕಿನ ಮಿಡಿತಗಳಾಗಿ ಒಂದರ ಹಿಂದೊಂದು ಓಡುತ್ತವೆ. ಒಂದು ಮಿಡಿತ ಹಿಂದೆ ಬಿದ್ದು, ಇನ್ನೊಂದು ಅದರ ಮೇಲೆ ಬಿದ್ದರೆ ಮಾತು ಕಲಸಿಹೋಗುತ್ತದೆ. ಬೆಳಕಿನ ಓಟವನ್ನು ನಿಭಾಯಿಸುವುದು ನಿಮ್ಮ ಕೈಯಲ್ಲಿದೆಯೆ ಎಂದು ಕೇಳಿದೆ. ಗಾಜು ಕಾಯಿಸಿ ಎಳೆ ತೆಗೆಯುವವರ ಕೈಯಲ್ಲಿ ಸ್ವಲ್ಪ ಇದೆ, ಗಾಜಿನ ಹದ ಬದಲಾದರೆ ಬೆಳಕಿನ ವೇಗವೂ ಬದಲಾಗುತ್ತದೆ ಎಂದರು. ತಮ್ಮ ಕೈಯಲ್ಲಿರುವುದು ಎರಡೇ: ಎಳೆ ಮಡಚಿಕೊಳ್ಳದಂತೆ ನೋಡಿಕೊಳ್ಳುವುದು, ಅಳೆಯುವ ಯಂತ್ರಕ್ಕೆ ಸರಿಯಾದ ವೇಗ ಹೇಳುವುದು.

ಆ ಯಂತ್ರವನ್ನೂ ತೋರಿಸಿದರು. ಟ್ರಂಕಿನಷ್ಟು ದೊಡ್ಡದು, ಮುಂದೆ ಹಸಿರು ಗೆರೆ ಓಡುವ ಪರದೆ. ಕೇಬಲ್ಲು ಎಲ್ಲೋ ತುಂಡಾದರೆ ಇದು ಎಳೆಯೊಳಗೆ ಬೆಳಕಿನ ಒಂದು ಮಿಡಿತವನ್ನು ಕಳಿಸುತ್ತದೆ. ತುಂಡಾದಲ್ಲಿ ತಾಗಿ ಅದು ವಾಪಸ್ಸು ಬರುತ್ತದೆ. ಎಷ್ಟು ಹೊತ್ತಾಯಿತೆಂದು ನೋಡಿ, ಎಷ್ಟು ದೂರವೆಂದು ಹೇಳುತ್ತದೆ. ಆದರೆ ಗಾಜಿನೊಳಗೆ ಬೆಳಕು ಬಯಲಿನಲ್ಲಿ ಓಡಿದಷ್ಟು ಬಿರುಸಾಗಿ ಓಡುವುದಿಲ್ಲ. ಒಂದೊಂದು ಕಂಪನಿಯ ಗಾಜಿನಲ್ಲಿ ಒಂದೊಂದು ವೇಗ. ಅದರ ಸಂಖ್ಯೆ ತಪ್ಪಾಗಿ ಒತ್ತಿದರೆ ಹನ್ನೆರಡು ಕಿಲೋಮೀಟರಿಗೆ ಅರವತ್ತು ಮೀಟರು ಆಚೀಚೆ ತೋರಿಸಿಬಿಡುತ್ತದೆ. ನನಗೆ ತಲೆಗೆ ಹತ್ತಿದ್ದು ಅರ್ಧ. ಪೂರಾ ಹತ್ತಿಸಿದವರು ಮಾದಯ್ಯ.

“ಒಂದೇ ಎತ್ತು ಸಾ. ಟಾರ್ ರೋಡಲ್ಲಿ ಅದರ ನಡಿಗೆ ಒಂದು, ಉತ್ತ ಒಲದಲ್ಲಿ ಅದರ ನಡಿಗೆ ಇನ್ನೊಂದು. ಎಲ್ಲಿ ನಡೀತಾದೆ ಅಂತ ತಿಳ್ಕಂಡು ಎಷ್ಟೊತ್ತಿಗೆ ಬತ್ತದೆ ಅಂತ ಏಳ್ಬೇಕು. ಅಷ್ಟೇಯ.”

ಇನ್ನು ಜೂನ್ ತಿಂಗಳ ಆ ದಿನ. ಕಾರ್ಗಿಲ್ಲಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಒಂದು ಸಭೆಯ ವರದಿಗೆ ಹೋಗಿದ್ದೆ. ವರದಿಯನ್ನು ಮೈಸೂರಿಗೆ ಫೋನಿನಲ್ಲಿ ಒಪ್ಪಿಸೋಣವೆಂದು ಬಸ್ ಸ್ಟ್ಯಾಂಡ್ ಎದುರಿನ ಸಿದ್ದಮಲ್ಲಪ್ಪನವರ ಎಸ್‌ಟಿಡಿ ಬೂತಿಗೆ ಹನ್ನೊಂದಕ್ಕೆ ಹೋದರೆ ಫೋನು ಸತ್ತಿತ್ತು. ಒಂಬತ್ತರಿಂದ ಹೀಗೇ, ಊರಿಗೆ ಊರೇ ಸತ್ತಿದೆ ಎಂದರು. ಬೂತಿನ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು ಕೂತಿದ್ದಳು. ಹೆಸರು ಪುಟ್ಟಸಿದ್ದಮ್ಮ. ಮಗ ನಿಂಗರಾಜು ಮಿಲಿಟರಿಯಲ್ಲಿ. ಅಂದು ಸಂಜೆ ನಾಲ್ಕಕ್ಕೆ ಇದೇ ಬೂತಿಗೆ ಫೋನು ಮಾಡುತ್ತೇನೆಂದು ಕಾಗದ ಬರೆದಿದ್ದ. ಮಾರನೇ ದಿನ ಅವರನ್ನು ಗುಡ್ಡದ ಮೇಲಕ್ಕೆ ಕಳಿಸುತ್ತಾರಂತೆ, ಆಮೇಲೆ ಫೋನು ಇರುವುದಿಲ್ಲವಂತೆ. ಹಾಗೆಂದು ಕಾಗದ ಓದಿದ ಮೇಷ್ಟ್ರು ಅವಳಿಗೆ ಹೇಳಿದ್ದರು. ಅವಳು ಊರಿನಿಂದ ಆರು ಮೈಲಿ ನಡೆದು ಬಂದಿದ್ದಳು.

ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಗಳಿಗೆಗೊಮ್ಮೆ ಅವಳು ಎದ್ದು ಬಂದು, ಫೋನಿಗೆ ಜೀವ ಬಂತಾ ಎಂದು ಕೇಳುತ್ತಿದ್ದಳು. ಸಿದ್ದಮಲ್ಲಪ್ಪ ಪ್ರತಿ ಸಲವೂ ಎತ್ತಿ ಕಿವಿಗಿಟ್ಟು ತಲೆಯಾಡಿಸುತ್ತಿದ್ದರು. ನನ್ನ ರಕ್ತ ಕುದಿಯತೊಡಗಿತು. ಅಲ್ಲೇ ಬೂತಿನ ಬೆಂಚಿನ ಮೇಲೆ ಕೂತು, ಸಂಪಾದಕರಿಗೆ ಒಂದು ಪತ್ರ ಗೀಚಿದೆ. ಜನರ ಮಾತು ಸತ್ತಿರುವಾಗ ಇಲಾಖೆಯವರು ನೆರಳಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ, ಒಂದು ತುಂಡಾದ ತಂತಿ ಹುಡುಕಲು ಇವರಿಗೆ ಎಷ್ಟು ದಿನ ಬೇಕು, ಅಂತೆಲ್ಲ. ಆ ವಾರವೇ ಅದು ಅಚ್ಚಾಯಿತು. ಓದಿದವರು ಚೆನ್ನಾಗಿ ಬರೆದಿದ್ದೀರಿ ಎಂದರು, ನಾನೂ ಹೌದಲ್ಲ ಎಂದುಕೊಂಡೆ.

ನಾನು ಗೀಚುತ್ತಿದ್ದ ಅದೇ ಹೊತ್ತಿನಲ್ಲಿ ಹನ್ನೆರಡು ಕಿಲೋಮೀಟರು ಆಚೆ ಏನು ನಡೆಯುತ್ತಿತ್ತೆಂಬುದನ್ನು ಮಧುಶ್ರೀ, ಮಾದಯ್ಯ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತೂ ತಾಳೆಯಾಗುತ್ತದೆ.

ಆರನೇ ಗುಂಡಿಯಿಂದ ಬೇಗೂರಿನ ಕಡೆಗೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಬೆಳಗ್ಗೆ ಮಾದಯ್ಯ ಅಲ್ಲಿ ನಿಂತು, ಈ ಕಡೆ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದರು. ಅವರು ಹೋದ ಮೇಲೆ ಮಣ್ಣು ಅಗೆಯುವ ಯಂತ್ರ ಇನ್ನೂರು ಮೀಟರು ಉದ್ದಕ್ಕೂ ಕೆದಕಿ, ಮತ್ತೆ ಮಣ್ಣು ಎಳೆದು ಸಮ ಮಾಡಿ ಹೋಗಿತ್ತು. ಎಲ್ಲಿ ಅದರ ಹಲ್ಲು ಕೇಬಲ್ಲಿಗೆ ತಾಗಿತೋ ಓಡಿಸಿದವನಿಗೂ ಗೊತ್ತಿರಲಿಲ್ಲ. ಮಧುಶ್ರೀ ಎಕ್ಸ್‌ಚೇಂಜಿನಲ್ಲಿ ಯಂತ್ರ ಹಚ್ಚಿ ನೋಡಿದರು. ಪರದೆಯ ಗೆರೆಯಲ್ಲಿ ಆರನೇ ಗುಂಡಿಯ ಬೆಸುಗೆ ಒಂದು ಸಣ್ಣ ಮೆಟ್ಟಿಲಿನ ಹಾಗೆ ಕಂಡಿತು. ಅದರಾಚೆ ನೂರೆಪ್ಪತ್ತು ಮೀಟರಿಗೆ ಗೆರೆ ಮುಗಿದಿತ್ತು. ಗುಂಡಿಯೊಳಗೆ ಬೆಸುಗೆಯಾಚೆ ಸುತ್ತಿಟ್ಟ ಕೇಬಲ್ಲು ಹತ್ತು ಮೀಟರೆಂದು ನಕ್ಷೆ ಹೇಳುತ್ತಿತ್ತು. ಅದನ್ನು ಕಳೆದು, ಕಲ್ಲಿನಿಂದ ನೂರರವತ್ತು ಮೀಟರು ಅಳೆದು ಅಗೆಸಿದರು. ಕೇಬಲ್ಲು ಸಿಕ್ಕಿತು. ಒಂದು ಗೀರೂ ಇರಲಿಲ್ಲ. ಬಲಕ್ಕೆ ಐದು ಮೀಟರು, ಎಡಕ್ಕೆ ಐದು ಮೀಟರು ಅಗೆಸಿದರು. ಅಲ್ಲೂ ಇಲ್ಲ. ಹಾಗೆಂದು ಇನ್ನೂರು ಮೀಟರನ್ನೂ ಅಗೆಯುವುದಾದರೆ ನಾಲ್ಕು ಆಳಿಗೆ ಎರಡು ದಿನ ಬೇಕು.

ಯಂತ್ರಕ್ಕೆ ಬೆಳಕಿನ ವೇಗ ತಪ್ಪು ಹೇಳಿದೆನೇನೋ ಎಂಬ ಅನುಮಾನ ಮಧುಶ್ರೀಯವರಿಗೆ ಬಂತು. ಆ ದಾರಿಯಲ್ಲಿ ಎರಡು ಕಂಪನಿಯ ಉರುಳೆಗಳಿದ್ದವು. ಬೈಂಡು ಪುಸ್ತಕ ತೆರೆದು, ಕಲ್ಲಿನ ಪಕ್ಕದಲ್ಲೇ ಕೂತು ಲೆಕ್ಕ ಹಾಕಿದರು. ವೇಗವನ್ನು ಹೇಗೆ ಬದಲಿಸಿದರೂ, ಗುಂಡಿಯಿಂದಾಚೆ ನೂರೆಪ್ಪತ್ತು ಮೀಟರಿನಲ್ಲಿ ಒಂದು ಮೀಟರಿನ ವ್ಯತ್ಯಾಸವೂ ಬರಲಿಲ್ಲ. ಬೆವರು ಒರೆಸಿಕೊಳ್ಳುತ್ತ ತಮಗೆ ತಾವೇ ಹೇಳಿಕೊಂಡರಂತೆ, ಬೆಳಕು ಸುಳ್ಳು ಹೇಳುವುದಿಲ್ಲ, ಹಾಗಾದರೆ ನಕ್ಷೆಯೇ ಸುಳ್ಳು ಹೇಳುತ್ತಿರಬೇಕು ಎಂದು.

ಮಾದಯ್ಯ ಗುದ್ದಲಿ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದರು. ಅವರಿಗೆ ಆ ಕ್ಷಣಕ್ಕೇ ತಿಳಿದುಹೋಯಿತು.

ಮೂರು ವರ್ಷದ ಹಿಂದೆ ಕೇಬಲ್ಲು ಹೂಳುವಾಗ ಆರನೇ ಗುಂಡಿಯಲ್ಲಿ ಉರುಳೆಯ ಕೊನೆಯ ತುಂಡು ಉಳಿದಿತ್ತು. ನಲವತ್ತು ಮೀಟರು. ಕತ್ತರಿಸಿ ಬಿಸಾಕು ಎಂದು ಗುತ್ತಿಗೆಯ ಮೇಸ್ತ್ರಿ ಹೇಳಿದ. ಮಾದಯ್ಯನಿಗೆ ಕೈ ಬರಲಿಲ್ಲ. ಹಿಂದಿನ ವಾರವಷ್ಟೇ ಮನೆಯಲ್ಲಿ ಚಿಕ್ಕನಿಂಗಮ್ಮ ಮಗಳು ಭಾನುವಿಗೆ ಲಂಗ ಹೊಲಿಯುತ್ತ, ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಿಸಿ ಹಾಕಿದ್ದನ್ನು ಅವರು ನೋಡಿದ್ದರು. ಬೆಳೆಯುವ ಮಗು, ನಾಳೆ ಬಿಚ್ಚಿಕೊಂಡರೆ ಆಯಿತು ಎಂಬುದು ಆಕೆಯ ಲೆಕ್ಕ. ಈ ರಸ್ತೆಯೂ ಬೆಳೆಯುವ ರಸ್ತೆಯೇ, ಇವತ್ತಲ್ಲ ನಾಳೆ ಇಲ್ಲಿ ಯಾರಾದರೂ ಅಗೆದೇ ಅಗೆಯುತ್ತಾರೆ ಎಂದು ಮಾದಯ್ಯ ಯೋಚಿಸಿದರು. ಮೇಸ್ತ್ರಿ ಊಟಕ್ಕೆ ಹೋದಾಗ, ಆ ನಲವತ್ತು ಮೀಟರನ್ನು ಗಾಡಿ ಚಕ್ರದಗಲಕ್ಕೆ ಹತ್ತು ಸುತ್ತು ಸುತ್ತಿ, ಬೇಗೂರಿನ ಕಡೆಯ ಸುರುಳಿಯ ಜೊತೆಗೇ ಇಟ್ಟು ಮಣ್ಣು ಮುಚ್ಚಿಬಿಟ್ಟರು. ಅದಕ್ಕಿಂತ ಚಿಕ್ಕದಾಗಿ ಸುತ್ತಿದರೆ ಗಾಜಿನೊಳಗಿನ ಬೆಳಕು ಸೋರಿಹೋಗುತ್ತದೆಂದು ಅವರಿಗೆ ಗೊತ್ತಿತ್ತು. ನಕ್ಷೆ ಬರೆಯುವವರಿಗೆ ಹೇಳುವುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹೊಳೆದಾಗ ಹೆದರಿಕೆಯಾಗಿತ್ತು.

ಅಂದರೆ, ಬೆಳಕು ಆ ಹತ್ತು ಸುತ್ತನ್ನೂ ಸುತ್ತಿಕೊಂಡು ಮುಂದೆ ಹೋಗಿತ್ತು. ಯಂತ್ರ ಅದನ್ನೂ ಸೇರಿಸಿಯೇ ಲೆಕ್ಕ ಕೊಟ್ಟಿತ್ತು. ನೆಲದ ಮೇಲೆ ತುಂಡಾದ ಜಾಗ ನಲವತ್ತು ಮೀಟರು ಇತ್ತಲೇ ಇತ್ತು.

ಈಗ ನೀವೇ ಯೋಚಿಸಿ. ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಎರಡು ದಿನ ಅಗೆದು ಹೇಗೋ ಸಿಗುತ್ತಿತ್ತು. ಬಾಯಿ ಬಿಟ್ಟರೆ, ಇಲಾಖೆಯ ಕೇಬಲ್ಲನ್ನು ಯಾರಿಗೂ ಹೇಳದೆ ಹೂತಿಟ್ಟವನೆಂದು ಹದಿನಾಲ್ಕು ವರ್ಷ ಕಾದ ಕಾಗದ ಸಹಿಯ ಮುಂದೆಯೇ ನಿಂತುಹೋಗಬಹುದು. ಭಾನು ಹತ್ತನೇ ಕ್ಲಾಸು. ಖಾಯಂ ಆದರೆ ಮುಂದಕ್ಕೆ ಓದಿಸುತ್ತೇನೆಂದು ಮಾತು ಕೊಟ್ಟಿದ್ದರು. ಅಲ್ಲಿ ನಿಂತಿದ್ದು ಎಷ್ಟು ಹೊತ್ತು ಎಂದು ಕೇಳಿದೆ. ಒಂದು ಬೀಡಿ ಸೇದುವಷ್ಟು ಹೊತ್ತು ಎಂದರು. ಬೀಡಿ ಸೇದಲಿಲ್ಲ. ಗುದ್ದಲಿ ಕೆಳಗಿಟ್ಟು ಹತ್ತಿರ ಹೋದರು.

“ಮೇಡಂ, ಬೆಳಕೂ ಸುಳ್ಳಲ್ಲ, ನಿಮ್ ನಕ್ಸೆ ಬರೆದೋರೂ ಸುಳ್ಳಲ್ಲ. ಸುಳ್ಳು ನಾನು. ಆರ್ನೇ ಗುಂಡೀಲಿ ಹತ್ತು ಸುತ್ತು ಜಾಸ್ತಿ ಮಡಗಿವ್ನಿ. ನಲವತ್ತು ಮೀಟ್ರು ಇಂದಕ್ಕೆ ಬನ್ನಿ.”

ಬೈಯುತ್ತಾರೆಂದು ಮಾದಯ್ಯ ತಲೆ ತಗ್ಗಿಸಿದರು. ಮಧುಶ್ರೀ ಬೈಯಲಿಲ್ಲ. ಟೇಪಿನ ತುದಿಯನ್ನು ಮಾದಯ್ಯನ ಕೈಗೇ ಕೊಟ್ಟು, ಹಿಡಿಯಿರಿ ಎಂದರು. ನೂರಿಪ್ಪತ್ತು ಮೀಟರಿಗೆ ಅಗೆದರು. ಮೂರಡಿಗೇ ಕೇಬಲ್ಲು ಸಿಕ್ಕಿತು, ಅಗೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ಎಳೆದಾಡಿ ಇಪ್ಪತ್ತೈದು ಮೀಟರಿನಷ್ಟು ಜಜ್ಜಿಹೋಗಿತ್ತು.

ಅಷ್ಟು ಉದ್ದ ಜಜ್ಜಿದರೆ ಬೇರೆ ಕೇಬಲ್ಲು ತಂದು ನಡುವೆ ಕೂಡಿಸಬೇಕು. ಆ ಕೇಬಲ್ಲು ಮೈಸೂರಿನ ಉಗ್ರಾಣದಲ್ಲಿ. ಚೀಟಿ ಬರೆದು, ಲಾರಿ ಹೊರಟು, ಇಲ್ಲಿಗೆ ಬರುವಷ್ಟರಲ್ಲಿ ಸಂಜೆ ಕಳೆಯುತ್ತಿತ್ತು. ಎರಡು ಕಡೆ ಬೆಸುಗೆ ಹಾಕುವಷ್ಟರಲ್ಲಿ ಮಾರನೇ ದಿನ. ಮಧುಶ್ರೀ ವೈರ್‌ಲೆಸ್ಸಿನಲ್ಲಿ ಮೈಸೂರಿಗೆ ಹೇಳಲು ಹೊರಟಾಗ ಮಾದಯ್ಯ ಎರಡನೇ ಸಲ ಬಾಯಿ ಬಿಟ್ಟರು. ಗುಂಡಿಯಲ್ಲಿ ಮಲಗಿರುವ ಹತ್ತು ಸುತ್ತು ಇದಕ್ಕೆಂದೇ ಇಟ್ಟದ್ದಲ್ಲವೆ ಎಂದು.

ಆರನೇ ಗುಂಡಿ ತೆರೆದರು. ಮೂರು ವರ್ಷ ಮಣ್ಣಿನಡಿ ಇದ್ದರೂ ಸುರುಳಿ ಇಟ್ಟ ಹಾಗೇ ಇತ್ತು. ರಸ್ತೆ ಕೆಲಸದವರೂ ಕೈ ಹಾಕಿದರು. ಎಂಟು ಜನ ಸೇರಿ, ಕೇಬಲ್ಲಿಗೆ ಹೊದಿಸಿದ್ದ ಪೈಪಿನೊಳಗೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ತುಂಡಾದ ಜಾಗದತ್ತ ಎಳೆದರು. ಜಜ್ಜಿದ ಇಪ್ಪತ್ತೈದು ಮೀಟರು ತೆಗೆದೆಸೆದರು. ಉಳಿದ ಹದಿನೈದು ಮೀಟರು ಬೆಸುಗೆಯ ಸುತ್ತಿಗೆ ಸರಿಹೋಯಿತು. ಒಂದೇ ಕಡೆ ಬೆಸುಗೆ ಸಾಕಾಯಿತು. ಹನ್ನೆರಡು ಎಳೆಯಲ್ಲಿ ಊರಿನ ಮಾತು ಹೋಗುವ ಎರಡನ್ನು ಮೊದಲು ಕೂಡಿಸಿದರು. ಬಿಸಿಲಿಗೆ, ದೂಳಿಗೆ ಅಡ್ಡವಾಗಿ ಮಾದಯ್ಯ ಎರಡೂ ಕೈಯಲ್ಲಿ ಛತ್ರಿ ಹಿಡಿದು ಅಲುಗಾಡದೆ ನಿಂತರು. ಮದುವೆಗೆ ಮುಂಚೆ ಸಂತೆಮರಹಳ್ಳಿಯಲ್ಲಿ ರೇಷ್ಮೆ ಬಿಚ್ಚುತ್ತಿದ್ದ ಚಿಕ್ಕನಿಂಗಮ್ಮ ಎಳೆ ಕೂಡಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರಂತೆ. ಇವರೂ ಹಾಗೇ ಉಸಿರು ಹಿಡಿದಿದ್ದರಂತೆ.

ಗುಂಡ್ಲುಪೇಟೆಯ ಬೂತಿನಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸಿದ್ದಮಲ್ಲಪ್ಪ ನೂರನೇ ಸಲ ಫೋನೆತ್ತಿ ಕಿವಿಗಿಟ್ಟರು. ಅವರ ಮುಖ ಅರಳಿತು. ಏನೂ ಹೇಳದೆ ರಿಸೀವರನ್ನು ಮುದುಕಿಯ ಕಿವಿಗೆ ಹಿಡಿದರು, ಗುಂಯ್ ಎನ್ನುವ ಆ ಸದ್ದನ್ನು ಅವಳೂ ಕೇಳಲಿ ಎಂದು. ನಾಲ್ಕೂ ಹನ್ನೆರಡಕ್ಕೆ ಫೋನಿನ ಗಂಟೆ ಬಾರಿಸಿತು. ಬೂತಿನಲ್ಲಿದ್ದ ನಾವೆಲ್ಲ ಹೊರಗೆ ಬಂದೆವು. ಆದರೂ ಪುಟ್ಟಸಿದ್ದಮ್ಮನ ದನಿ ಬೀದಿಗೇ ಕೇಳುತ್ತಿತ್ತು, ಅಷ್ಟು ದೂರಕ್ಕೆ ಕೂಗಿಯೇ ಹೇಳಬೇಕೆಂದು ಅವಳು ನಂಬಿದ್ದಳು.

“ಉಂಡ್ಯಾ ಮಗಾ?” ಎಂದಳು ಮೊದಲು. ಎರಡು ನಿಮಿಷದ ಮಾತಿನಲ್ಲಿ ಅದನ್ನೇ ಮೂರು ಸಲ ಕೇಳಿದಳು.

ಅಂದು ನಾನು ಕಣ್ಣೊರೆಸಿಕೊಂಡೆ. ಆದರೂ ಪತ್ರ ಅಂಚೆಗೆ ಹಾಕಿದೆ, ಎಂಥ ಮನುಷ್ಯ ನೋಡಿ ನಾನು. ಅದು ಅಚ್ಚಾಗಿ ಹತ್ತು ದಿನಕ್ಕೆ ಒಂದು ಪೋಸ್ಟ್ ಕಾರ್ಡು ಬಂತು, ಮಧುಶ್ರೀಯವರಿಂದ. ಎರಡೇ ಸಾಲು. “ತಾವು ಬೈದಿರುವುದನ್ನು ಓದಿದೆವು. ಯಾರನ್ನು ಬೈದಿದ್ದೀರೆಂದು ಒಮ್ಮೆ ಬಂದು ನೋಡಿದರೆ ಉಪಕಾರವಾಗುತ್ತದೆ.” ಜಗಳಕ್ಕೆಂದೇ ಹೋದೆ. ಹೋದ ಮೇಲೆ ತಿಳಿಯಿತು, ಮಾದಯ್ಯನಿಗೆ ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಮೆಮೊ ಬಂದಿದೆ. ಅನುಮತಿಯಿಲ್ಲದೆ ಕೇಬಲ್ಲು ಹೂತದ್ದೇಕೆ, ಅದರಿಂದ ದುರಸ್ತಿಗೆ ತಡವಾಗಿ ಸಾರ್ವಜನಿಕರಿಂದ ದೂರು ಬಂದಿದೆ ಎಂದು. ದೂರು ಯಾವುದೆಂದು ನೋಡಿದರೆ, ಮೆಮೊಗೆ ಗುಂಡುಸೂಜಿ ಹಾಕಿ ಲಗತ್ತಿಸಿದ ನನ್ನದೇ ಪತ್ರದ ಕತ್ತರಿಕೆ.

ನಾಚಿಕೆಯಿಂದ ಕುಗ್ಗಿಹೋದೆ. ಅಂಥ ನನಗೆ ಮಾದಯ್ಯನೇ ಟೀ ತರಿಸಿಕೊಟ್ಟರು. ಪತ್ರದಲ್ಲಿ ನಾನು ಬರೆದಿದ್ದ ಆ ಅವ್ವನ ಮಗ ಮಾತಾಡಿದನೋ ಇಲ್ಲವೋ ಎಂದು ಕೇಳಿದರು. ಮಾತಾಡಿದ ಎಂದೆ. ಸಾಕು ಬುಡಿ ಎಂದರು. ಈ ಐದು ತಿಂಗಳಲ್ಲಿ ನನ್ನ ಪತ್ರದ ಬಗ್ಗೆ ಅವರು ಇನ್ನೊಂದು ಮಾತು ಆಡಿಲ್ಲ.

ಆ ಪತ್ರ ಬರೆದವನೇ ಇನ್ನೊಂದು ಪತ್ರ ಬರೆದು ಮೇಲಿನ ಕಚೇರಿಗೆ ಕೊಟ್ಟೆ. ಆದರೆ ಕೆಲಸ ಮಾಡಿದ್ದು ನನ್ನ ಪತ್ರವಲ್ಲ, ಮಧುಶ್ರೀಯವರ ಟಿಪ್ಪಣಿ. ಒಂದು ಪುಟದಲ್ಲಿ ಎರಡು ಲೆಕ್ಕ ಬರೆದಿದ್ದರು: ಹತ್ತು ಸುತ್ತು ಇದ್ದುದರಿಂದ ಲೈನು ಅಂದೇ ನಾಲ್ಕರೊಳಗೆ ಬಂತು, ಇಲ್ಲದಿದ್ದರೆ ಮಾರನೇ ದಿನ ಮಧ್ಯಾಹ್ನವಾಗುತ್ತಿತ್ತು ಎಂದು. ಕೆಳಗೆ, ತಪ್ಪು ಕೇಬಲ್ಲು ಇಟ್ಟದ್ದಲ್ಲ, ನಕ್ಷೆಯಲ್ಲಿ ಬರೆಯದಿದ್ದದ್ದು, ಅದು ನಮ್ಮೆಲ್ಲರ ತಪ್ಪು ಎಂದು ಸೇರಿಸಿದ್ದರು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲವಂತೆ. ಚಿಕ್ಕನಿಂಗಮ್ಮ ಮಾತ್ರ ಒಂದು ದಿನ ಗಂಡನಿಗೆ ಹೇಳಿದರಂತೆ.

“ಕಾಗ್ದ ಬರ್ನಿಲ್ಲ ಅಂದ್ರೆ ಬುಟ್ಟಾಕು. ನೀನು ಬಾಯ್ ಮುಚ್ಕಂಡಿದ್ದು ಕಾಗ್ದ ಬಂದಿದ್ರೆ, ದಿನಾ ಆ ಗುಂಡಿ ಮುಂದೆ ಎಂಗ್ ಓಯ್ತಿದ್ದೆ?”

ನಿಂಗರಾಜು ಗುಡ್ಡದಿಂದ ಇಳಿದು ದೀಪಾವಳಿಗೆ ರಜೆಯ ಮೇಲೆ ಬಂದ. ಇಷ್ಟರಲ್ಲಿ ನಾನು ಪುಟ್ಟಸಿದ್ದಮ್ಮನಿಗೆ ಈ ಕಥೆಯೆಲ್ಲ ಹೇಳಿದ್ದೆ. ಅವಳು ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು ಹುಣಸೆ ಮರದ ಬಳಿ ಇಳಿದಳು. ಮಾದಯ್ಯ ಆಗ ಬೇರೆ ಗುಂಡಿಯ ಕಡೆ ಹೋಗಿದ್ದರು. ಅರಿಶಿನ ಕುಂಕುಮದ ಕಲ್ಲನ್ನು ನೋಡಿ, ಇದೇ ಇರಬೇಕೆಂದು ತಾಯಿ ಮಗ ಇಬ್ಬರೂ ತೆಂಗಿನಕಾಯಿ ಒಡೆದು, ಒಂದು ಹೋಳು ಅಲ್ಲೇ ಇಟ್ಟು ಹೋಗಿದ್ದಾರೆ. ಸಂಜೆ ಹೋಳು ನೋಡಿದ ಮಾದಯ್ಯನಿಗೆ ಯಾರಿಟ್ಟರೆಂದು ತಿಳಿಯಲಿಲ್ಲ. ನಾನು ಹೇಳಿದ ಮೇಲೆಯೇ ಗೊತ್ತಾದದ್ದು. ಆ ಕಾಯಿ ಚಟ್ನಿಯಾಗಿ ಮುಗಿದಿತ್ತು, ಮೊದಲೇ ಗೊತ್ತಿದ್ದರೆ ದೇವರ ಮುಂದೆ ಇಡುತ್ತಿದ್ದೆ ಎಂದರು.

ಖಾಯಂ ಆದೇಶ ಬಂದದ್ದು ನವೆಂಬರಿನ ಮೂರನೇ ವಾರ. ಮೆಮೊ ಕೈಬಿಟ್ಟ ಕಾಗದವೂ ಅದೇ ಲಕೋಟೆಯಲ್ಲಿತ್ತು. ಮಾದಯ್ಯ ಅದನ್ನು ಭಾನುವಿನಿಂದ ಮೂರು ಸಲ ಓದಿಸಿ, ಮಡಿಸಿ ಟ್ರಂಕಿನಲ್ಲಿಟ್ಟು, ಮರುದಿನ ಐದಕ್ಕೆ ಎದ್ದು ಸೈಕಲ್ಲು ಹತ್ತಿದರು. ಗುಂಡಿಗಳು ಈಗ ಎಂಟಾಗಿವೆ. ಜೂನಿನಲ್ಲಿ ಬೆಸೆದ ಹೊಸದನ್ನು ಅವರು ಆರೂಕಾಲನೇ ಗುಂಡಿ ಎನ್ನುತ್ತಾರೆ. ಇಲಾಖೆಯ ನಕ್ಷೆಯಲ್ಲೂ ಮಧುಶ್ರೀ ಹಾಗೇ ಬರೆದಿದ್ದಾರೆ. ಅದಕ್ಕೂ ಒಂದು ಕಲ್ಲು, ಅದಕ್ಕೂ ಅರಿಶಿನ.

ನಾವು ಫೋನಿನಲ್ಲಿ ಹಲೋ ಹಲೋ ಎಂದು ಕೂಗುವಾಗ ನಮ್ಮ ಮಾತು ಯಾರ ಕೈಯಡಿ ಹೋಗುತ್ತಿದೆಯೆಂದು ಯೋಚಿಸುವುದಿಲ್ಲ. ನಾನಂತೂ ಯೋಚಿಸಿರಲಿಲ್ಲ. ಈಗ ಫೋನೆತ್ತಿದಾಗಲೆಲ್ಲ ಆ ಛತ್ರಿ ಹಿಡಿದ ಕೈ ನೆನಪಾಗುತ್ತದೆ. ಮಾದಯ್ಯನೋರೆ, ನಿಮಗೆ ನನ್ನ ನಮಸ್ಕಾರ. ಬೈದಿದ್ದಕ್ಕೆ ಕ್ಷಮಿಸಿ.

ಹೊರಡುವ ಮುನ್ನ, ಖಾಯಂ ಆಯಿತಲ್ಲ, ಇನ್ನೇನು ಬೇಕು ನಿಮಗೆ ಎಂದು ಕೇಳಿದೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ಭಾನುವಿನ ದುಂಡು ಅಕ್ಷರದಲ್ಲಿ ಬರೆದ ಅರ್ಜಿ. ಕೆಳಗೆ ಅವರ ಸಹಿ. ಖಾಯಂ ನೌಕರನಾಗಿ ಅವರು ಇಲಾಖೆಗೆ ಕೊಡುತ್ತಿರುವ ಮೊದಲ ಅರ್ಜಿ ಅದು. ಆರನೇ ಗುಂಡಿಯಲ್ಲಿ ಈಗ ಹೆಚ್ಚಿನ ಕೇಬಲ್ಲು ಇಲ್ಲ, ರಸ್ತೆ ಕೆಲಸ ಇನ್ನೂ ಮುಗಿದಿಲ್ಲ, ಆದ್ದರಿಂದ ಹತ್ತು ಸುತ್ತಿಗೆ ಆಗುವಷ್ಟು ಕೇಬಲ್ಲು ಮಂಜೂರು ಮಾಡಿ ನಕ್ಷೆಯಲ್ಲಿ ನಮೂದಿಸಿಕೊಳ್ಳಬೇಕಾಗಿ ಕೋರಿಕೆ.

ನಾನು ಓದಿ ಮುಗಿಸುವವರೆಗೂ ಕಾದು, ಹಾಳೆಯನ್ನು ವಾಪಸ್ಸು ಪಡೆದು, ಮೊದಲಿನ ಮಡಿಕೆಯಲ್ಲೇ ಮಡಿಸಿ ಜೇಬಿಗಿಟ್ಟುಕೊಂಡರು.

“ಈ ಸಲ ಕೇಳ್ಬುಟ್ಟೇ ಮಡಗ್ತೀನಿ ಸಾ.”